ಯಾವ ಡ್ರೈವ್‌ಗೆ ಡೀಡಪ್ ಹಾಕಬೇಕು, ಯಾವುದನ್ನು ಮುಟ್ಟಬಾರದು: ವಿಂಡೋಸ್ ಸರ್ವರ್‌ನಲ್ಲಿ ವಾಲ್ಯೂಮ್ ಆರಿಸುವ ಬಗೆ

ಸರ್ವರ್‌ನಲ್ಲಿ ಜಾಗ ಮುಗಿಯುತ್ತಾ ಬಂದಾಗ ನಮ್ಮ ಕಣ್ಣು ಮೊದಲು ಹೋಗುವುದು ಕೆಂಪು ಬಣ್ಣಕ್ಕೆ ತಿರುಗಿದ ಡ್ರೈವ್ ಮೇಲೆ. ಅದಕ್ಕೇ ಡೀಡಪ್ (ಒಂದೇ ಡೇಟಾ ಹಲವು ಕಡೆ ಇದ್ದರೆ ಒಂದೇ ಪ್ರತಿ ಇಟ್ಟು ಜಾಗ ಉಳಿಸುವ ಸೌಲಭ್ಯ) ಆನ್ ಮಾಡಿಬಿಡೋಣ ಅನ್ನಿಸುತ್ತದೆ. ನಾನೂ ಒಂದು ಸಲ ಹಾಗೇ ಮಾಡಿದೆ. ಅದು ಸಿಸಿಟಿವಿ ರೆಕಾರ್ಡಿಂಗ್ ಬೀಳುವ ಡ್ರೈವ್. ಎರಡು ದಿನ ಡಿಸ್ಕ್ ಗರಗರ ಅಂತ ಓಡಿದ್ದೇ ಬಂತು, ಉಳಿದ ಜಾಗ ಹೇಳಿಕೊಳ್ಳುವಷ್ಟೂ ಇರಲಿಲ್ಲ. ಅದೇ ಸರ್ವರ್‌ನಲ್ಲಿ ಇನ್ನೊಂದು ಡ್ರೈವ್ ಇತ್ತು, ಮುಕ್ಕಾಲು ಮಾತ್ರ ತುಂಬಿತ್ತು, ಹಾಗಾಗಿ ಯಾರೂ ಅದರ ಕಡೆ ನೋಡಿರಲಿಲ್ಲ. ಅದರೊಳಗೆ ವರ್ಷಾನುಗಟ್ಟಲೆ ಸೇರಿಸಿದ ಇನ್‌ಸ್ಟಾಲರ್‌ಗಳು, ಐಎಸ್‌ಒಗಳು (ಇಡೀ ಸಿಡಿ, ಡಿವಿಡಿಯ ಪ್ರತಿ ಇರುವ ಫೈಲ್), ಒಂದೇ ಟೆಂಪ್ಲೇಟಿನಿಂದ ಮಾಡಿದ ವಿಎಚ್‌ಡಿಗಳು (ವರ್ಚುವಲ್ ಮಶೀನ್‌ನ ಡಿಸ್ಕ್ ಫೈಲ್). ಅದಕ್ಕೆ ಡೀಡಪ್ ಹಾಕಿ, ಅಲ್ಲಿ ಖಾಲಿಯಾದ ಜಾಗಕ್ಕೆ ಹಳೇ ರೆಕಾರ್ಡಿಂಗ್ ಸಾಗಿಸಿದ್ದರೆ ಕೆಲಸ ಮುಗಿದುಹೋಗುತ್ತಿತ್ತು.

ಅಂದರೆ ಡ್ರೈವ್ ಎಷ್ಟು ತುಂಬಿದೆ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಕೇಳಬೇಕಾದ ಪ್ರಶ್ನೆ ಮೂರು. ಒಳಗಿನ ಡೇಟಾ ಮತ್ತೆ ಮತ್ತೆ ಅದೇ ಬರುತ್ತದೆಯಾ? ಒಮ್ಮೆ ಬರೆದ ಮೇಲೆ ಅದು ಸುಮ್ನೆ ಕೂತಿರುತ್ತದೆಯಾ? ನಾಳೆ ಅದನ್ನು ಮೂಲ ಗಾತ್ರದಲ್ಲಿ ಹೊರಗೆ ತೆಗೆಯಬೇಕಾಗಿ ಬಂದರೆ ಇಡಲು ಜಾಗ ಇದೆಯಾ? ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಕೈ ಸುಟ್ಟುಕೊಳ್ಳುವುದೂ ಅಲ್ಲೇ.

ನಾನಿಲ್ಲಿ ಹೇಳುತ್ತಿರುವುದು ವಿಂಡೋಸ್ ಸರ್ವರ್ 2012ರಿಂದ ಬಂದಿರುವ ಡೇಟಾ ಡೀಡುಪ್ಲಿಕೇಶನ್ ಬಗ್ಗೆ. ವಿಂಡೋಸ್ ಸರ್ವರ್ 2025ರಲ್ಲಿ ರೆಫ್ಸ್ ಅನ್ನುವ ಫೈಲ್ ಸಿಸ್ಟಮ್‌ಗೆಂದೇ ಇನ್ನೊಂದು ಡೀಡಪ್ ಬಂದಿದೆ, ಅದರ ನಿಯಮಗಳೇ ಬೇರೆ, ಎರಡನ್ನೂ ಕಲಸಿಕೊಳ್ಳಬೇಡಿ. ಕಮಾಂಡ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು, ಒಳಗೆ ಏನು ನಡೆಯುತ್ತದೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಯಾಕೆಂದರೆ ಮುಂದಿನ ಎಲ್ಲ ತೀರ್ಮಾನವೂ ಇದರಿಂದಲೇ ಹುಟ್ಟುತ್ತದೆ.

ಫೈಲ್ ಬರೆಯುವಾಗ ಡೀಡಪ್ ಏನೂ ಮಾಡುವುದಿಲ್ಲ. ಫೈಲ್ ಮಾಮೂಲಿಯಾಗಿ ಡಿಸ್ಕಿಗೆ ಹೋಗುತ್ತದೆ. ಆಮೇಲೆ ಹಿನ್ನೆಲೆಯಲ್ಲಿ ಒಂದು ಜಾಬ್ ಬಂದು, ಸಾಕಷ್ಟು ಹಳೆಯದಾದ ಫೈಲ್‌ಗಳನ್ನು ಎತ್ತಿಕೊಂಡು, ಸುಮಾರು 32 ಕೆಬಿಯಿಂದ 128 ಕೆಬಿವರೆಗಿನ ತುಂಡುಗಳಾಗಿ ಕತ್ತರಿಸುತ್ತದೆ. ಎಲ್ಲ ತುಂಡೂ ಒಂದೇ ಅಳತೆ ಇರುವುದಿಲ್ಲ, ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಒಳಗಿನ ಡೇಟಾ ನೋಡಿಯೇ ತೀರ್ಮಾನಿಸುತ್ತದೆ. ಹಾಗಾಗಿ ಫೈಲಿನ ಮೊದಲಲ್ಲಿ ಎರಡು ಸಾಲು ಸೇರಿಸಿದರೂ ಉಳಿದ ತುಂಡುಗಳು ಹಳೆಯವೇ ಅಂತ ಗುರುತು ಸಿಗುತ್ತದೆ. ಪ್ರತಿ ತುಂಡಿನ ಒಂದೇ ಪ್ರತಿ, ಅದನ್ನೂ ಕಂಪ್ರೆಸ್ ಮಾಡಿ, ಅದೇ ವಾಲ್ಯೂಮ್‌ನ (ಅಂದರೆ ಅದೇ ಡ್ರೈವ್‌ನ) ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಫೋಲ್ಡರ್ ಒಳಗಿನ ಚಂಕ್ ಸ್ಟೋರ್‌ನಲ್ಲಿ ಇಡುತ್ತದೆ. ಮೂಲ ಫೈಲ್ ಇದ್ದ ಕಡೆ ಉಳಿಯುವುದು ಒಂದು ರೀಪಾರ್ಸ್ ಪಾಯಿಂಟ್, ಅಂದರೆ ‘ನನ್ನ ತುಂಡುಗಳು ಅಲ್ಲಿವೆ’ ಅಂತ ಹೇಳುವ ಚೀಟಿ.

ಇದರಿಂದ ಮೂರು ಸಂಗತಿ ಹೊರಡುತ್ತವೆ. ಒಂದು, ಹೋಲಿಕೆ ನಡೆಯುವುದು ಒಂದು ವಾಲ್ಯೂಮ್ ಒಳಗೆ ಮಾತ್ರ. ಡಿ ಡ್ರೈವ್‌ನಲ್ಲೂ ಇ ಡ್ರೈವ್‌ನಲ್ಲೂ ಒಂದೇ ಐಎಸ್‌ಒ ಇದ್ದರೆ ಎರಡು ಪ್ರತಿ ಎರಡು ಪ್ರತಿಯಾಗೇ ಇರುತ್ತವೆ. ಎರಡು, ಫೈಲ್ ಬದಲಾಗುತ್ತಲೇ ಇದ್ದರೆ ಜಾಬ್ ಮಾಡಿದ ಕೆಲಸ ನೀರಲ್ಲಿ ಹೋಮ ಮಾಡಿದ ಹಾಗೆ. ಮೂರು, ಹೊಸ ಡೇಟಾ ಮೊದಲು ಪೂರ್ತಿ ಗಾತ್ರದಲ್ಲೇ ಬಂದು ಕೂರುವುದರಿಂದ ಡ್ರೈವ್‌ನಲ್ಲಿ ಖಾಲಿ ಜಾಗ ಇರಲೇಬೇಕು. ಪೂರ್ತಿ ತುಂಬಿ ತುಳುಕುತ್ತಿರುವ ಡ್ರೈವ್ ಡೀಡಪ್‌ಗೆ ಒಳ್ಳೆಯ ಅಭ್ಯರ್ಥಿಯಲ್ಲ, ಚಂಕ್ ಸ್ಟೋರ್ ಕಟ್ಟಲೂ ಅದಕ್ಕೆ ಜಾಗ ಬೇಕಲ್ವಾ.

ಹಂತ 1: ನೋಡಿದ ತಕ್ಷಣ ಬಿಡಬೇಕಾದವನ್ನು ಬಿಡಿ

ಸರ್ವರ್‌ನ ಎಲ್ಲ ವಾಲ್ಯೂಮ್ ಪಟ್ಟಿ ಮಾಡಿ. ಒಂದು ಎಕ್ಸೆಲ್ ಶೀಟ್ ಸಾಕು: ಹೆಸರು, ಫೈಲ್ ಸಿಸ್ಟಮ್, ಒಟ್ಟು ಗಾತ್ರ, ಬಳಕೆ, ಏನಿದೆ, ಯಾರು ಬಳಸುತ್ತಾರೆ. ಆಮೇಲೆ ಹೊಡೆದುಹಾಕಲು ಶುರುಮಾಡಿ.

ಸಿಸ್ಟಮ್ ಡ್ರೈವ್ ಮತ್ತು ಬೂಟ್ ಡ್ರೈವ್ ಆಗುವುದಿಲ್ಲ, ಚರ್ಚೆಯೇ ಬೇಡ. ಫ್ಯಾಟ್ ಫಾರ್ಮ್ಯಾಟ್ ಮಾಡಿದ್ದು, ಕಿತ್ತು ಹಾಕುವ ಯುಎಸ್‌ಬಿ ಡ್ರೈವ್, ನೆಟ್‌ವರ್ಕ್‌ನಿಂದ ಮ್ಯಾಪ್ ಮಾಡಿಕೊಂಡ ಡ್ರೈವ್, ಇವೂ ಹೋದವು. ವಿಂಡೋಸ್‌ನ ಮಾಮೂಲಿ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಬೇಕು. ರೆಫ್ಸ್ ವಾಲ್ಯೂಮ್ ಇದ್ದರೆ ಸರ್ವರ್ 2019 ಅಥವಾ ಅದಕ್ಕಿಂತ ಹೊಸದು ಇರಬೇಕು, 2016ರಲ್ಲಿ ಆಗುವುದಿಲ್ಲ.

ಗಾತ್ರದ್ದೂ ಒಂದು ಮಿತಿ ಇದೆ. ಸರ್ವರ್ 2016ರಿಂದ ಮುಂದೆ 64 ಟಿಬಿವರೆಗಿನ ವಾಲ್ಯೂಮ್ ನಡೆಯುತ್ತದೆ, 1 ಟಿಬಿವರೆಗಿನ ಫೈಲ್ ಕೂಡ ಸಲೀಸು. ಇನ್ನೂ 2012 ಆರ್2 ಓಡಿಸುತ್ತಿದ್ದೀರಾದರೆ (ಇದ್ದಾರೆ, ಗೊತ್ತು) 10 ಟಿಬಿ ದಾಟಿದ ವಾಲ್ಯೂಮ್‌ಗೆ ಹಾಕಬೇಡಿ. ಅದರಲ್ಲಿ ಒಂದು ವಾಲ್ಯೂಮ್‌ಗೆ ಒಂದೇ ಥ್ರೆಡ್ ಕೆಲಸ ಮಾಡುತ್ತದೆ, ದಿನವಿಡೀ ಓಡಿದರೂ ಹೊಸ ಡೇಟಾದ ಬೆನ್ನು ಹಿಡಿಯಲಾಗುವುದಿಲ್ಲ.

ಕ್ಲಸ್ಟರ್ (ಒಂದು ಕೆಟ್ಟರೆ ಇನ್ನೊಂದು ಕೆಲಸ ಹಿಡಿಯುವ ಸರ್ವರ್‌ಗಳ ಗುಂಪು) ಇದ್ದರೆ ಇನ್ನೊಂದು ಮಾತು. ಎಲ್ಲ ನೋಡ್‌ಗಳಲ್ಲೂ ಡೀಡಪ್ ಫೀಚರ್ ಇರಬೇಕು. ಫೀಚರ್ ಇಲ್ಲದ ಸರ್ವರ್‌ಗೆ ಆ ಡಿಸ್ಕ್ ಹೋದರೆ ಫೈಲ್ ಹೆಸರು ಕಾಣುತ್ತದೆ, ತೆರೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಫೇಲ್‌ಓವರ್ ಆದಾಗ ಇದನ್ನು ಕಂಡುಹಿಡಿಯುವುದು ಬೇಡ.

ಹಂತ 2: ಒಳಗೆ ಏನಿದೆ ಅಂತ ನಿಜವಾಗಿ ನೋಡಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಶೇರ್‌ನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ‘ಅಕೌಂಟ್ಸ್’ ಅಂತ ಹೆಸರಿರುವ ಶೇರ್ ಒಳಗೆ ಯಾರದೋ ಮಗನ ಮದುವೆ ವಿಡಿಯೋ ಇರುತ್ತದೆ.

ಕಣ್ಣು ಮುಚ್ಚಿ ಹೌದು ಅನ್ನಬಹುದಾದವು: ಸಾಫ್ಟ್‌ವೇರ್ ಇನ್‌ಸ್ಟಾಲರ್ ಮತ್ತು ಐಎಸ್‌ಒ ಇಡುವ ಡಿಪ್ಲಾಯ್‌ಮೆಂಟ್ ಶೇರ್, ಓಡದೇ ಸುಮ್ನೆ ಇಟ್ಟಿರುವ ವಿಎಚ್‌ಡಿ ಲೈಬ್ರರಿ, ಬಳಕೆದಾರರ ಹೋಮ್ ಫೋಲ್ಡರ್ ಮತ್ತು ಫೋಲ್ಡರ್ ರೀಡೈರೆಕ್ಷನ್ (ಅವರ ಡಾಕ್ಯುಮೆಂಟ್ಸ್‌ನಂಥ ಫೋಲ್ಡರ್ ಸರ್ವರ್‌ನಲ್ಲೇ ಇಡುವುದು), ಟೀಮ್‌ಗಳು ಹಂಚಿಕೊಳ್ಳುವ ಸಾಮಾನ್ಯ ಫೈಲ್ ಶೇರ್. ಮೈಕ್ರೋಸಾಫ್ಟ್ ಕೊಡುವ ಅಂದಾಜು ಹೀಗಿದೆ: ಬಳಕೆದಾರರ ಡಾಕ್ಯುಮೆಂಟ್‌ಗಳಲ್ಲಿ ಶೇ 30ರಿಂದ 50, ಡಿಪ್ಲಾಯ್‌ಮೆಂಟ್ ಶೇರ್‌ನಲ್ಲಿ ಶೇ 70ರಿಂದ 80, ವರ್ಚುವಲೈಸೇಶನ್ ಲೈಬ್ರರಿಯಲ್ಲಿ ಶೇ 80ರಿಂದ 95, ಎಲ್ಲ ಬೆರೆತ ಫೈಲ್ ಶೇರ್‌ನಲ್ಲಿ ಶೇ 50ರಿಂದ 60. ವಿಎಚ್‌ಡಿ ಲೈಬ್ರರಿಗೆ ಯಾಕೆ ಅಷ್ಟು ಜಾಸ್ತಿ ಅಂದರೆ, ಇಪ್ಪತ್ತು ವಿಎಚ್‌ಡಿ ಒಳಗೂ ಅದೇ ಆಪರೇಟಿಂಗ್ ಸಿಸ್ಟಮ್, ಅದೇ ಡಿಎಲ್‌ಎಲ್‌ಗಳು.

ಖಂಡಿತ ಬೇಡ ಅನ್ನಬೇಕಾದವು: ಓಡುತ್ತಿರುವ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್, ಎಕ್ಸ್‌ಚೇಂಜ್ ಡೇಟಾಬೇಸ್, ಮಾಮೂಲಿ ವರ್ಚುವಲ್ ಮಶೀನ್‌ಗಳು ಓಡುತ್ತಿರುವ ಹೈಪರ್-ವಿ ಹೋಸ್ಟ್‌ನ ಡ್ರೈವ್, ಡಬ್ಲ್ಯೂಎಸ್‌ಯುಎಸ್ (ಆಫೀಸಿನ ಮಶೀನ್‌ಗಳಿಗೆ ವಿಂಡೋಸ್ ಅಪ್‌ಡೇಟ್ ಹಂಚುವ ಸರ್ವರ್). ಡೇಟಾಬೇಸ್ ಫೈಲ್ ಸದಾ ತೆರೆದಿರುತ್ತದೆ, ಸದಾ ಬದಲಾಗುತ್ತದೆ. ಹೈಪರ್-ವಿ ವಿಷಯದಲ್ಲಿ ಒಂದು ವಿನಾಯಿತಿ ಇದೆ, 2012 ಆರ್2ರಿಂದ ವಿಡಿಐ, ಅಂದರೆ ಸರ್ವರ್‌ನಲ್ಲೇ ಓಡುವ ಬಳಕೆದಾರರ ಡೆಸ್ಕ್‌ಟಾಪ್‌ಗಳ ವಿಎಚ್‌ಡಿಗೆ ಬೆಂಬಲ ಇದೆ. ‘ವಿಡಿಐಗೆ ಆಗುತ್ತದೆ ಅಂದರೆ ನಮ್ಮ ಟ್ಯಾಲಿ ಸರ್ವರ್ ವಿಎಂಗೂ ಆಗುತ್ತದೆ’ ಅಂತ ಎಳೆದುಕೊಳ್ಳಬೇಡಿ.

ಇನ್ನು ನಡುವಿನವು. ತಪ್ಪು ಲೆಕ್ಕ ಹಾಕುವುದು ಇವುಗಳಲ್ಲೇ, ಹಾಗಾಗಿ ಒಂದೊಂದನ್ನೂ ನಿಧಾನವಾಗಿ ನೋಡೋಣ.

ಫೋಟೋ ಮತ್ತು ವಿಡಿಯೋ. ಜೆಪೆಗ್, ಎಂಪಿ4 ಎಲ್ಲ ಆಗಲೇ ಹಿಂಡಿ ಇಟ್ಟವು. ಎರಡು ಬೇರೆ ಬೇರೆ ಫೋಟೋಗಳ ನಡುವೆ ಒಂದೇ ತುಂಡು ಸಿಗುವುದು ಅಪರೂಪ, ಮತ್ತೆ ಕಂಪ್ರೆಸ್ ಮಾಡಿದರೂ ಕುಗ್ಗುವುದಿಲ್ಲ. ಆದರೆ ಅದೇ ಫೋಟೋ ಮಾರ್ಕೆಟಿಂಗ್ ಫೋಲ್ಡರ್‌ನಲ್ಲಿ ಒಂದು, ಡಿಸೈನ್ ಫೋಲ್ಡರ್‌ನಲ್ಲಿ ಒಂದು, ‘ಬ್ಯಾಕಪ್ ಹಳೇದು’ ಅನ್ನುವ ಫೋಲ್ಡರ್‌ನಲ್ಲಿ ಇನ್ನೊಂದು ಇದ್ದರೆ ಪೂರ್ತಿ ಲಾಭ. ಹಾಗಾಗಿ ‘ಮೀಡಿಯಾ ಡ್ರೈವ್‌ಗೆ ಡೀಡಪ್ ದಂಡ’ ಅನ್ನುವ ಮಾತು ಅರ್ಧ ಸತ್ಯ. ಸಿಸಿಟಿವಿಗೆ ದಂಡ, ಏಜೆನ್ಸಿಯ ಡಿಸೈನ್ ಶೇರ್‌ಗೆ ಅಲ್ಲ.

ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಫೈಲ್‌ಗಳು. ‘ರಿಪೋರ್ಟ್ ಫೈನಲ್’, ‘ರಿಪೋರ್ಟ್ ಫೈನಲ್ 2’, ‘ರಿಪೋರ್ಟ್ ಇದೇ ಫೈನಲ್’ ಅಂತ ನಮ್ಮ ಆಫೀಸುಗಳಲ್ಲಿ ಇರುವ ಹಾಗೆ ಒಂದೇ ಫೈಲಿಗೆ ಏಳೆಂಟು ರೂಪ ಇದ್ದೇ ಇರುತ್ತದೆ. ಹೊಸ ಆಫೀಸ್ ಫೈಲ್‌ಗಳು ಒಳಗೆ ಜಿಪ್ ಕಟ್ಟುಗಳು. ಪಠ್ಯದ ಭಾಗ ಸ್ವಲ್ಪ ತಿದ್ದಿದರೂ ಆ ಭಾಗದ ಹಿಂಡಿದ ಬೈಟ್‌ಗಳು ಬದಲಾಗುತ್ತವೆ. ಆದರೆ ಒಳಗೆ ಹಾಕಿದ ದೊಡ್ಡ ಚಿತ್ರಗಳು ಹಾಗೇ ಇರುತ್ತವೆ, ಅವುಗಳ ತುಂಡುಗಳು ಹೊಂದಿಕೊಳ್ಳುತ್ತವೆ. ಆದ್ದರಿಂದ ಚಿತ್ರ ತುಂಬಿದ ಪ್ರೆಸೆಂಟೇಶನ್‌ಗಳಲ್ಲಿ ಉಳಿತಾಯ ಚೆನ್ನಾಗಿ ಬರುತ್ತದೆ, ಬರೀ ಪಠ್ಯದ ಚಿಕ್ಕ ಫೈಲ್‌ಗಳಲ್ಲಿ ಅಷ್ಟಿಲ್ಲ.

ಚಿಕ್ಕ ಫೈಲ್‌ಗಳು. 32 ಕೆಬಿಗಿಂತ ಚಿಕ್ಕದನ್ನು ಡೀಡಪ್ ಮುಟ್ಟುವುದೇ ಇಲ್ಲ. ಲಕ್ಷಾಂತರ ಸಣ್ಣ ಎಕ್ಸ್‌ಎಂಎಲ್, ಲಾಗ್, ಐಕಾನ್ ಫೈಲ್ ಇರುವ ವೆಬ್ ಸರ್ವರ್ ಡ್ರೈವ್‌ನಲ್ಲಿ ಹೆಚ್ಚಿನವು ಆಟದಿಂದ ಹೊರಗೆ. ವಿಂಡೋಸ್‌ನದೇ ಫೈಲ್ ಎನ್‌ಕ್ರಿಪ್ಶನ್ ಆದ ಇಎಫ್‌ಎಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ ಫೈಲ್‌ಗಳೂ ಹೊರಗೆ.

ಬ್ಯಾಕಪ್ ಫೈಲ್‌ಗಳು. ಓಡುವ ಡೇಟಾಬೇಸ್ ಬೇಡ ಅಂದೆ, ಆದರೆ ಅದರ ಬ್ಯಾಕಪ್ ಬೀಳುವ ಡ್ರೈವ್ ಬಹಳ ಒಳ್ಳೆಯ ಅಭ್ಯರ್ಥಿ. ಸೋಮವಾರದ ಫುಲ್ ಬ್ಯಾಕಪ್‌ಗೂ ಮಂಗಳವಾರದ್ದಕ್ಕೂ ವ್ಯತ್ಯಾಸ ಸ್ವಲ್ಪವೇ ತಾನೇ. ಇಲ್ಲೊಂದು ಗುಂಡಿ ಇದೆ. ಎಸ್‌ಕ್ಯೂಎಲ್‌ನ ಬ್ಯಾಕಪ್ ಕಂಪ್ರೆಶನ್ ಆನ್ ಇದ್ದರೆ, ಅಥವಾ ಬ್ಯಾಕಪ್ ಸಾಫ್ಟ್‌ವೇರ್ ಫೈಲನ್ನು ಎನ್‌ಕ್ರಿಪ್ಟ್ ಮಾಡುತ್ತಿದ್ದರೆ, ಆ ಹೋಲಿಕೆ ಎಲ್ಲ ಅಳಿಸಿಹೋಗುತ್ತದೆ. ಕಂಪ್ರೆಶನ್ ಆಫ್ ಮಾಡಿ ಡೀಡಪ್‌ಗೆ ಬಿಟ್ಟರೆ ಒಟ್ಟು ಉಳಿತಾಯ ಜಾಸ್ತಿಯಾಗಬಹುದು, ಆದರೆ ಪ್ರತಿ ರಾತ್ರಿ ನೆಟ್‌ವರ್ಕ್ ಮೇಲೆ ದೊಡ್ಡ ಫೈಲ್ ಓಡಾಡುತ್ತದೆ, ಅದು ಡೀಡಪ್ ಆಗುವ ತನಕ ಇಡೀ ಗಾತ್ರದಲ್ಲಿ ಕೂರಲು ಜಾಗವೂ ಬೇಕು. ಎಷ್ಟು ದಿನದ ಬ್ಯಾಕಪ್ ಇಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಎರಡೇ ಪ್ರತಿ ಇಡುವುದಾದರೆ ಈ ತಲೆನೋವು ಬೇಡ. ಮೂವತ್ತು ದಿನದ್ದು ಇಡುವುದಾದರೆ ಲೆಕ್ಕ ಹಾಕಲೇಬೇಕು.

ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳ ಬಗ್ಗೆ ಒಂದೇ ಸಾಲು: ಒಂದೇ ಕಾಗದವನ್ನು ಎರಡು ಸಲ ಸ್ಕ್ಯಾನ್ ಮಾಡಿದರೂ ಬೈಟ್ ಲೆಕ್ಕದಲ್ಲಿ ಅವು ಎರಡು ಬೇರೆ ಫೈಲ್‌ಗಳು.

ಹಂತ 3: ಎಷ್ಟು ಬದಲಾಗುತ್ತದೆ ಅಂತ ಅಳೆಯಿರಿ

ಮಾಮೂಲಿ ಸೆಟ್ಟಿಂಗ್‌ನಲ್ಲಿ ಕನಿಷ್ಠ 3 ದಿನ ಹಳೆಯ ಫೈಲ್‌ಗಳನ್ನು ಮಾತ್ರ ಡೀಡಪ್ ತೆಗೆದುಕೊಳ್ಳುತ್ತದೆ. ಹಾಗಾಗಿ ನಿಮ್ಮ ಡ್ರೈವ್‌ನಲ್ಲಿ ಕಳೆದ 3 ದಿನದಲ್ಲಿ ಬದಲಾದ ಫೈಲ್‌ಗಳ ಒಟ್ಟು ಗಾತ್ರ ಎಷ್ಟು, 30 ದಿನದಲ್ಲಿ ಎಷ್ಟು ಅಂತ ತೆಗೆಯಿರಿ. ಪವರ್‌ಶೆಲ್‌ನಲ್ಲಿ ಗೆಟ್-ಚೈಲ್ಡ್‌ಐಟಮ್ ಓಡಿಸಿ, ಲಾಸ್ಟ್‌ರೈಟ್‌ಟೈಮ್ ಮೇಲೆ ಸೋಸಿ, ಮೆಶರ್-ಆಬ್ಜೆಕ್ಟ್‌ನಿಂದ ಕೂಡಿದರೆ ಉತ್ತರ ಬರುತ್ತದೆ. ಕೊನೆಯ ಸಲ ಓದಿದ ಸಮಯವನ್ನು ನಂಬಬೇಡಿ, ಬಹಳ ಸರ್ವರ್‌ಗಳಲ್ಲಿ ಅದರ ದಾಖಲೆ ಆಫ್ ಆಗಿರುತ್ತದೆ.

ಒಟ್ಟು 5 ಟಿಬಿ ಡೇಟಾದಲ್ಲಿ ತಿಂಗಳಿಗೆ 200 ಜಿಬಿ ಮಾತ್ರ ಬದಲಾಗುತ್ತಿದೆ ಅಂದರೆ ಖುಷಿಯಾಗಿ ಮುಂದುವರಿಯಿರಿ. ಮೂರು ದಿನಕ್ಕೇ ಅರ್ಧ ಡ್ರೈವ್ ಮಗುಚಿ ಹಾಕುತ್ತಿದ್ದರೆ ಅಲ್ಲಿಗೇ ಬಿಡಿ.

ಸರ್ವರ್‌ಗೆ ಬಿಡುವು ಯಾವಾಗ ಸಿಗುತ್ತದೆ ಅಂತಲೂ ನೋಡಿ. ಮೂರು ಶಿಫ್ಟ್‌ನಲ್ಲಿ ಕೆಲಸ ಮಾಡುವ ಕಡೆ ‘ರಾತ್ರಿ ಓಡಿಸೋಣ’ ಅನ್ನುವ ಮಾತಿಗೆ ಅರ್ಥ ಇಲ್ಲ. ಮೆಮೊರಿ ಲೆಕ್ಕವೂ ಬೇಕು: ಕನಿಷ್ಠ ಅಂದರೆ 300 ಎಂಬಿ, ಅದರ ಮೇಲೆ ಪ್ರತಿ ಟಿಬಿ ಡೇಟಾಗೆ 50 ಎಂಬಿ. ಚೆನ್ನಾಗಿ ಓಡಬೇಕಾದರೆ ಪ್ರತಿ ಟಿಬಿಗೆ 1 ಜಿಬಿ ಇಟ್ಟುಕೊಳ್ಳಿ. 8 ಟಿಬಿ ಡ್ರೈವ್‌ಗೆ ಕನಿಷ್ಠ 700 ಎಂಬಿ ಆಯಿತು, ನೆಮ್ಮದಿಗೆ 8 ಜಿಬಿ.

ಹಂತ 4: ಅಂದಾಜು ಬಿಡಿ, ಡಿಡಿಪಿಇವಾಲ್ ಓಡಿಸಿ

ಫೀಚರ್ ಇನ್‌ಸ್ಟಾಲ್ ಮಾಡಿದಾಗ ಸಿಸ್ಟಮ್32 ಫೋಲ್ಡರ್‌ಗೆ ಡಿಡಿಪಿಇವಾಲ್ ಅನ್ನುವ ಸಣ್ಣ ಪ್ರೋಗ್ರಾಂ ಬರುತ್ತದೆ. ಅದು ಡ್ರೈವ್ ಓದಿ, ಏನನ್ನೂ ಬದಲಿಸದೆ, ಎಷ್ಟು ಉಳಿಯಬಹುದು ಅಂತ ಹೇಳುತ್ತದೆ. ಕೊಡಬೇಕಾದ್ದು ಡ್ರೈವ್ ಅಥವಾ ಫೋಲ್ಡರ್‌ನ ದಾರಿ ಮಾತ್ರ. ನೆಟ್‌ವರ್ಕ್ ಶೇರ್‌ನ ದಾರಿ ಕೊಟ್ಟರೂ ನಡೆಯುತ್ತದೆ. ಈ ಒಂದೇ ಫೈಲನ್ನು ಬೇರೆ ಮಶೀನ್‌ಗೆ ಕಾಪಿ ಮಾಡಿಯೂ ಓಡಿಸಬಹುದು, ಹಾಗಾಗಿ ಹಳೇ ಫೈಲ್ ಸರ್ವರ್‌ನಿಂದ ಹೊಸದಕ್ಕೆ ಹೋಗುವ ಮೊದಲೇ, ಹೊಸದಕ್ಕೆ ಎಷ್ಟು ಡಿಸ್ಕ್ ಕೊಳ್ಳಬೇಕು ಅಂತ ತಿಳಿಯಲು ನಾನು ಇದನ್ನೇ ಬಳಸುವುದು. ಸಿಸ್ಟಮ್ ಡ್ರೈವ್ ಮೇಲೆ ಮತ್ತು ಆಗಲೇ ಡೀಡಪ್ ಇರುವ ಡ್ರೈವ್ ಮೇಲೆ ಮಾತ್ರ ಓಡುವುದಿಲ್ಲ.

ಎಲ್ಲ ಫೈಲನ್ನೂ ಓದಬೇಕಾದ್ದರಿಂದ ದೊಡ್ಡ ಡ್ರೈವ್‌ಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಶನಿವಾರ ಸಂಜೆ ಶುರುಮಾಡಿ ಮನೆಗೆ ಹೋಗಿ.

ಫಲಿತಾಂಶದಲ್ಲಿ ಎಲ್ಲರೂ ನೋಡುವುದು ಉಳಿತಾಯದ ಶೇಕಡಾವಾರು ಒಂದನ್ನೇ. ಅದರ ಕೆಳಗೇ ಕಂಪ್ರೆಶನ್ ಇಲ್ಲದೆ ಎಷ್ಟು ಉಳಿಯುತ್ತದೆ ಅಂತ ಇನ್ನೊಂದು ಸಂಖ್ಯೆ ಇರುತ್ತದೆ, ಅದನ್ನೂ ನೋಡಿ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ನಿಮ್ಮ ಡೇಟಾದಲ್ಲಿ ಪುನರಾವರ್ತನೆ ಕಡಿಮೆ, ಬರೀ ಹಿಂಡುವುದರಿಂದ ಬರುತ್ತಿರುವ ಲಾಭ ಅದು. ಲಾಭ ಲಾಭವೇ, ಆದರೆ ನಾಳೆ ಬರುವ ಡೇಟಾ ಜಿಪ್ ಅಥವಾ ವಿಡಿಯೋ ಆದರೆ ಆ ಉಳಿತಾಯ ಮುಂದುವರಿಯುವುದಿಲ್ಲ. ನಿಯಮದಿಂದ ಹೊರಗುಳಿದ ಫೈಲ್‌ಗಳ ಲೆಕ್ಕವೂ ಅಲ್ಲೇ ಇರುತ್ತದೆ, ಸಣ್ಣ ಫೈಲ್‌ಗಳ ಕಾಟ ಎಷ್ಟು ಅಂತ ಅದರಿಂದ ಗೊತ್ತಾಗುತ್ತದೆ.

ನನ್ನ ಗೆರೆ ಹೀಗಿದೆ, ಇದು ನನ್ನ ಅಭಿಪ್ರಾಯ ಅಷ್ಟೇ: ಶೇ 20ಕ್ಕಿಂತ ಕಡಿಮೆ ಬಂದರೆ ಡಿಸ್ಕ್ ಕೊಳ್ಳುತ್ತೇನೆ, ಡೀಡಪ್ ಹಾಕುವುದಿಲ್ಲ. ಶೇ 40 ದಾಟಿದರೆ ಹಾಕುತ್ತೇನೆ. ನಡುವೆ ಬಂದರೆ ಡ್ರೈವ್ ಒಳಗೆ ಯಾವ ಫೋಲ್ಡರ್‌ನಿಂದ ಲಾಭ ಬರುತ್ತಿದೆ ಅಂತ ಫೋಲ್ಡರ್‌ವಾರು ಓಡಿಸಿ ನೋಡುತ್ತೇನೆ. ಎಷ್ಟೋ ಸಲ ಒಂದು ಫೋಲ್ಡರ್ ಮಾತ್ರ ಹೊಳೆಯುತ್ತಿರುತ್ತದೆ, ಅದನ್ನು ಬೇರೆ ವಾಲ್ಯೂಮ್‌ಗೆ ಎತ್ತಿ ಅಲ್ಲಿ ಡೀಡಪ್ ಹಾಕುವುದು ಜಾಣತನ.

ಹಂತ 5: ವಾಪಸ್ ಬರುವ ದಾರಿ ನೋಡಿಟ್ಟುಕೊಳ್ಳಿ

ನನಗೆ ಬಿಸಿ ತಟ್ಟಿದ ಎರಡನೇ ಕಥೆ. 4 ಟಿಬಿ ಡ್ರೈವ್, ಡೀಡಪ್ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಒಳಗೆ ಸುಮಾರು 6 ಟಿಬಿಯಷ್ಟು ಫೈಲ್ ಹಿಡಿಸಿತ್ತು. ಎಲ್ಲರೂ ಭೇಷ್ ಅಂದರು. ಒಂದು ದಿನ ಡಿಸ್ಕ್ ತಕರಾರು ಶುರುಮಾಡಿತು, ಫೈಲ್‌ಗಳನ್ನು ಬೇಗ ಬೇರೆ ಕಡೆ ಕಾಪಿ ಮಾಡೋಣ ಅಂತ ಹೊರಟೆ. ಕೈಯಲ್ಲಿದ್ದದ್ದು ಇನ್ನೊಂದು 4 ಟಿಬಿ ಡ್ರೈವ್. ಫೈಲ್ ಕಾಪಿ ಮಾಡಿದರೆ ಅದು ಪೂರ್ತಿ ಗಾತ್ರಕ್ಕೆ ಬಿಚ್ಚಿಕೊಂಡೇ ಹೋಗುತ್ತದೆ. 6 ಟಿಬಿಯನ್ನು 4ರಲ್ಲಿ ತುರುಕುವುದು ಹೇಗೆ? ಸ್ವಲ್ಪ ಕಾಪಿ ಮಾಡು, ಡೀಡಪ್ ಜಾಬ್ ಓಡಿಸು, ಮತ್ತೆ ಸ್ವಲ್ಪ ಕಾಪಿ ಮಾಡು ಅಂತ ಎರಡು ರಾತ್ರಿ ಕೂತಿದ್ದೆ. ತಪ್ಪು ನನ್ನದೇ.

ಹಾಗಾಗಿ ಬ್ಯಾಕಪ್ ಹೇಗೆ ನಡೆಯುತ್ತಿದೆ ಅಂತ ಮೊದಲೇ ಕೇಳಿ. ಬ್ಲಾಕ್ ಮಟ್ಟದಲ್ಲಿ ಇಡೀ ವಾಲ್ಯೂಮ್ ತೆಗೆದುಕೊಳ್ಳುವ ಬ್ಯಾಕಪ್ ಆದರೆ ಹಿಂಡಿದ ರೂಪದಲ್ಲೇ ಹೋಗುತ್ತದೆ. ಫೈಲ್ ಮಟ್ಟದಲ್ಲಿ ಓದುವ ಬ್ಯಾಕಪ್ ಆದರೆ ಪೂರ್ತಿ ಗಾತ್ರ ಓದುತ್ತದೆ, ಅಷ್ಟು ಸಮಯ, ಅಷ್ಟು ಜಾಗ. ವಿಂಡೋಸ್‌ನ ಕಾಪಿ ಕಮಾಂಡ್ ಆದ ರೋಬೋಕಾಪಿಯಿಂದ ಇಡೀ ಡ್ರೈವ್ ಮಿರರ್ ಮಾಡುವ ಸ್ಕ್ರಿಪ್ಟ್ ಯಾರಾದರೂ ಬರೆದಿಟ್ಟಿದ್ದರೆ ಅದನ್ನು ಮೊದಲು ನಿಲ್ಲಿಸಿ. ರೋಬೋಕಾಪಿಯ ಕೆಲವು ಆಯ್ಕೆಗಳು ಚಂಕ್ ಸ್ಟೋರನ್ನೇ ಕೆಡಿಸಬಹುದು, ಮೈಕ್ರೋಸಾಫ್ಟ್ ಕೂಡ ಡೀಡಪ್ ಡ್ರೈವ್ ಮೇಲೆ ಅದು ಬೇಡ ಅನ್ನುತ್ತದೆ.

ಇನ್ನೊಂದು: ಎಫ್‌ಎಸ್‌ಆರ್‌ಎಂನಲ್ಲಿ (ಫೈಲ್ ಸರ್ವರ್‌ನಲ್ಲಿ ಜಾಗಕ್ಕೆ ಮಿತಿ ಹಾಕುವ ವಿಂಡೋಸ್ ಸಾಧನ) ಡ್ರೈವ್‌ನ ಬುಡಕ್ಕೇ ಹಾರ್ಡ್ ಕೋಟಾ, ಅಂದರೆ ದಾಟಲು ಬಿಡದ ಮಿತಿ, ಹಾಕಿದ್ದರೆ ಅದು ಡೀಡಪ್ ಜೊತೆ ಹೊಂದುವುದಿಲ್ಲ, ತೆಗೆಯಬೇಕು. ವಿಂಡೋಸ್ ಸರ್ಚ್ ಇಂಡೆಕ್ಸ್ ಮೇಲೆ ಜನ ಅವಲಂಬಿಸಿದ್ದರೂ ಯೋಚಿಸಿ, ಡೀಡಪ್ ಆದ ಫೈಲ್‌ಗಳಿಗೆ ಅದರ ಬೆಂಬಲ ಇಲ್ಲ.

ಹಂತ 6: ಒಂದೇ ಡ್ರೈವ್‌ನಿಂದ ಶುರುಮಾಡಿ

ಪಟ್ಟಿಯಲ್ಲಿ ಉಳಿದವುಗಳಲ್ಲಿ ಕಳೆದುಹೋದರೆ ಅಷ್ಟೇನೂ ನಷ್ಟವಿಲ್ಲದ್ದನ್ನು ಆರಿಸಿ. ಇನ್‌ಸ್ಟಾಲರ್ ಡ್ರೈವ್ ಇದಕ್ಕೆ ಹೇಳಿ ಮಾಡಿಸಿದ್ದು. ಎನೇಬಲ್-ಡೀಡಪ್‌ವಾಲ್ಯೂಮ್ ಕಮಾಂಡ್ ಕೊಡುವಾಗ ಬಳಕೆಯ ಬಗೆಯನ್ನೂ ಹೇಳಿ: ಫೈಲ್ ಶೇರ್‌ಗೆ ಡೀಫಾಲ್ಟ್, ವಿಡಿಐಗೆ ಹೈಪರ್‌ವಿ, ವರ್ಚುವಲ್ ಮಶೀನ್ ಒಳಗೆ ಓಡುವ ಬ್ಯಾಕಪ್ ಸರ್ವರ್‌ಗೆ ಬ್ಯಾಕಪ್. ಕೊನೆಯದು ಸರ್ವರ್ 2016ರಿಂದ ಬಂದದ್ದು, ಅದರಲ್ಲಿ ಫೈಲ್ 3 ದಿನ ಹಳೆಯದಾಗುವ ತನಕ ಕಾಯುವುದಿಲ್ಲ. ತಪ್ಪು ಬಗೆ ಆರಿಸಿದರೆ ಸರಿಯಾದ ಡ್ರೈವ್ ಕೂಡ ತಪ್ಪಾಗಿ ವರ್ತಿಸುತ್ತದೆ.

ಫೈಲ್ ಕತ್ತರಿಸಿ ಚಂಕ್ ಸ್ಟೋರ್‌ಗೆ ಹಾಕುವ ಜಾಬ್‌ನ ಹೆಸರು ಆಪ್ಟಿಮೈಸೇಶನ್. ಮೊದಲ ಆಪ್ಟಿಮೈಸೇಶನ್ ಜಾಬನ್ನು ಸ್ಟಾರ್ಟ್-ಡೀಡಪ್‌ಜಾಬ್‌ನಿಂದ ಕೈಯಾರೆ ಓಡಿಸಿ. ಎಷ್ಟು ಗಂಟೆ ಹಿಡಿಯಿತು, ಎಷ್ಟು ಜಿಬಿ ಮುಗಿಸಿತು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ಡ್ರೈವ್‌ಗೆ ಎಷ್ಟು ಹೊತ್ತು ಬೇಕು ಅನ್ನುವುದಕ್ಕೆ ಯಾವ ಬ್ಲಾಗಿಗಿಂತಲೂ ನಿಮ್ಮ ಸರ್ವರ್‌ನ ಈ ಅಂಕಿಯೇ ನಂಬಿಕಸ್ಥ. ಗೆಟ್-ಡೀಡಪ್‌ಸ್ಟೇಟಸ್ ಕೊಟ್ಟರೆ ಉಳಿತಾಯವಾದ ಜಾಗ, ನಿಯಮಕ್ಕೆ ಒಳಪಟ್ಟ ಫೈಲ್‌ಗಳೆಷ್ಟು, ಅದರಲ್ಲಿ ಮುಗಿದವೆಷ್ಟು ಅಂತ ತೋರಿಸುತ್ತದೆ. ವಾರ ಕಳೆದರೂ ಈ ಎರಡು ಸಂಖ್ಯೆ ಹತ್ತಿರ ಬರುತ್ತಿಲ್ಲ ಅಂದರೆ ಜಾಬ್ ಹಿಂದೆ ಬೀಳುತ್ತಿದೆ, ಅಂದರೆ ಹಂತ 3ರಲ್ಲಿ ನಿಮ್ಮ ಲೆಕ್ಕ ತಪ್ಪಿದೆ.

ಹೊಸಬರು ಗಾಬರಿಯಾಗುವ ಎರಡು ವಿಷಯ ಹೇಳಿಬಿಡುತ್ತೇನೆ. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ‘ಡಿಸ್ಕ್ ಮೇಲಿನ ಗಾತ್ರ’ ಸೊನ್ನೆಗೆ ಇಳಿದಿರುತ್ತದೆ, ಫೈಲ್ ಎಲ್ಲೂ ಹೋಗಿಲ್ಲ. ಇನ್ನೊಂದು, ದೊಡ್ಡ ಫೋಲ್ಡರ್ ಅಳಿಸಿದರೂ ಖಾಲಿ ಜಾಗ ಅಲ್ಲಾಡುವುದಿಲ್ಲ. ಗಾರ್ಬೇಜ್ ಕಲೆಕ್ಷನ್ ಜಾಬ್ ಓಡುವ ತನಕ ತುಂಡುಗಳು ಅಲ್ಲೇ ಇರುತ್ತವೆ, ಮಾಮೂಲಿಯಾಗಿ ಅದು ಶನಿವಾರ ಬೆಳಗಿನ ಜಾವ 2:35ಕ್ಕೆ. ದಿನಾ ಬಹಳ ಅಳಿಸಿ ಬಹಳ ಬರೆಯುವ ಡ್ರೈವ್ ಆದರೆ ಶುಕ್ರವಾರದ ಹೊತ್ತಿಗೆ ಉಸಿರು ಕಟ್ಟುತ್ತದೆ, ವಾಲ್ಯೂಮ್ ಆರಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆರಿಸಿದ್ದು ತಪ್ಪಾಯಿತು ಅನ್ನಿಸಿದರೆ ಡಿಸೇಬಲ್-ಡೀಡಪ್‌ವಾಲ್ಯೂಮ್ ಕೊಟ್ಟ ತಕ್ಷಣ ಎಲ್ಲ ಹಿಂದಿನಂತೆ ಆಗುವುದಿಲ್ಲ. ಅದು ಹೊಸ ಫೈಲ್‌ಗಳನ್ನು ಮುಟ್ಟುವುದನ್ನು ನಿಲ್ಲಿಸುತ್ತದೆ ಅಷ್ಟೇ, ಹಳೆಯವು ಚಂಕ್ ಸ್ಟೋರ್‌ನಲ್ಲೇ ಇರುತ್ತವೆ. ಪೂರ್ತಿ ಬಿಚ್ಚಬೇಕಾದರೆ ಅನ್‌ಆಪ್ಟಿಮೈಸೇಶನ್ ಜಾಬ್ ಓಡಿಸಬೇಕು. ಅದಕ್ಕೆ ಮೂಲ ಗಾತ್ರದಷ್ಟು ಜಾಗ ಅದೇ ಡ್ರೈವ್‌ನಲ್ಲಿ ಬೇಕು. ಜಾಗ ಇಲ್ಲ ಅಂತಲೇ ಡೀಡಪ್ ಹಾಕಿದವರ ಹತ್ತಿರ ಆಗ ಆ ಜಾಗ ಇರುವುದಿಲ್ಲ, ಆದ್ದರಿಂದ ಗೆಟ್-ಡೀಡಪ್‌ವಾಲ್ಯೂಮ್ ತೋರಿಸುವ ಉಳಿತಾಯವನ್ನು ತಿಂಗಳಿಗೊಮ್ಮೆ ನೋಡಿ, ಅದು ಖಾಲಿ ಜಾಗವನ್ನು ದಾಟುವ ಮೊದಲೇ ಡಿಸ್ಕ್‌ಗೆ ಪರ್ಚೇಸ್ ರಿಕ್ವೆಸ್ಟ್ ಹಾಕಿ.